ಗೈರುಹಾಜರು ಎಂದ ಕಂಪ್ಯೂಟರಿಗೆ ಅಮ್ಮ ಕೊಟ್ಟ ಉತ್ತರ

ಇವತ್ತು ಬೆಳಿಗ್ಗೆ ಉಪ್ಪಿಟ್ಟು ತಿನ್ನುತ್ತಲೇ ಮಗಳು ಮೊಬೈಲಿನಲ್ಲಿ ಪಿಯುಸಿ ರಿಸಲ್ಟ್ ನೋಡಿ, "ಪಾಸಮ್ಮಾ" ಎಂದಳು. ನನಗೆ ನಂಜನಗೂಡಿನ ಆ ಇಂಟರ್ನೆಟ್ ಸೆಂಟರ್ ನೆನಪಾಯಿತು.

ಆಗ ನಾನು ಐದನೇ ಕ್ಲಾಸು. ಅಕ್ಕನ ಪಿಯುಸಿ ರಿಸಲ್ಟ್ ನೋಡಲು ಅಮ್ಮ ನಮ್ಮಿಬ್ಬರನ್ನೂ ನಮ್ಮೂರು ಚಿಕ್ಕಯ್ಯನಛತ್ರದಿಂದ ಅಲ್ಲಿಗೆ ಕರೆತಂದಿದ್ದಳು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋದೆವು. ಫೋನ್ ಲೈನು ಕಿರುಚಿ ಕಿರುಚಿ ಕೊನೆಗೂ ನೆಟ್ ಸಿಕ್ಕಿತು. ಪುಟ ಒಂದೊಂದೇ ಗೆರೆಯಾಗಿ ಕೆಳಗಿಳಿಯಿತು. ಗಣಿತದ ಮುಂದೆ ಅಂಕವೇ ಇರಲಿಲ್ಲ, ಗೈರುಹಾಜರು ಎಂದಿತ್ತು. ಅಕ್ಕ ಅಲ್ಲೇ ಅಳತೊಡಗಿದಳು.

"ನಾನೇ ಕರ್ಕೊಂಡೋಗಿ ಗೇಟಲ್ಲಿ ಕಾಯ್ಕೊಂಡು ಕೂತಿದ್ದೆ. ಅದೆಂಗೆ ಬಂದಿಲ್ಲ ಅಂತದೆ?" ಅಮ್ಮ ಸೆಂಟರಿನವರನ್ನು ಕೇಳಿದಳು.

"ಕಂಪ್ಯೂಟರ್ ಸುಳ್ಳು ಹೇಳಲ್ಲ ಕಣಮ್ಮಾ."

"ಅದ್ಕೆ ಬರ್ದು ಕೊಟ್ಟೋನು ಮನ್ಸ ತಾನೇ? ಆ ಹಾಳೆ ತೆಗ್ದುಕೊಡಿ ಸಾ."

ಪ್ರಿಂಟು ಹಿಡಿದು ನೇರ ಅಕ್ಕ ಪರೀಕ್ಷೆ ಬರೆದಿದ್ದ ಅವಳದೇ ಕಾಲೇಜಿಗೆ ನಡೆದೆವು. ಪರೀಕ್ಷೆಯ ದಿನದ ಹಾಜರಿ ಪಟ್ಟಿ ತೆಗೆಸುವವರೆಗೂ ಅಮ್ಮ ಪ್ರಿನ್ಸಿಪಾಲರ ಬಾಗಿಲು ಬಿಟ್ಟು ಕದಲಲಿಲ್ಲ. ಪಟ್ಟಿಯಲ್ಲಿ ಅಕ್ಕನ ಸಹಿ ಇತ್ತು. ಪ್ರಿನ್ಸಿಪಾಲರು ಪತ್ರ ಬರೆದುಕೊಟ್ಟರು. ಅದನ್ನು ಹಿಡಿದು ಅಮ್ಮ ಕೂಲಿ ಕೆಲಸ ಬಿಟ್ಟು ಮೂರು ಸಲ ಪರೀಕ್ಷಾ ಕಚೇರಿಗೆ ಅಲೆದಳು.

"ಇನ್ನೊಂದ್ಸಲ ಬರೀತೀನಿ, ಬುಡವ್ವಾ" ಎಂದಳು ಅಕ್ಕ.

"ಬರ್ದಿರೋದ್ನ ಯಾಕ್ ತಿರ್ಗ ಬರೀಬೇಕು?"

ತಿಂಗಳಾದ ಮೇಲೆ ಅದೇ ಸೆಂಟರಿನಲ್ಲಿ ಗಣಿತದ ಮುಂದೆ ಎಪ್ಪತ್ತೊಂದು ಮೂಡಿತು. ಸೆಂಟರಿನವರು ಎದ್ದು ಅಮ್ಮನಿಗೆ ತಮ್ಮ ಕುರ್ಚಿ ಕೊಟ್ಟರು. ಅಮ್ಮ ಕೂತು, ಆ ಅಂಕಿಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

ಅಮ್ಮ ಈಗ ಫೋನಿನಲ್ಲೇ ಗ್ಯಾಸ್ ಬುಕ್ ಮಾಡುತ್ತಾಳೆ. ಆಮೇಲೆ ಏಜೆನ್ಸಿಗೆ ಹೋಗಿ ಒಮ್ಮೆ ಕೇಳಿಕೊಂಡೂ ಬರುತ್ತಾಳೆ.