ದೇವರ ಜಗಲಿಯ ಮೇಲಿನ ರೇಡಿಯಂ ಹೆಣ

ನಾಲ್ಕನೇ ಕ್ಲಾಸಿನಲ್ಲಿದ್ದಾಗಲೇ ನನಗೊಂದು ಉದ್ಯೋಗವಿತ್ತು, ಅಜ್ಜಿಯ ಊರುಗೋಲಾಗಿರುವುದು. ಅಪ್ಪನ ತಾಯಿಯಾದ ನನ್ನ ಅಜ್ಜಿಗೆ ಎರಡೂ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಬಚ್ಚಲಿಗೆ, ಹಿತ್ತಲಿಗೆ, ಎದುರು ಮನೆಗೆ, ಸೊರಬದ ಸಂತೆಗೆ, ಎಲ್ಲಿಗೆ ಹೊರಟರೂ ಅವಳ ಬಲಗೈ ನನ್ನ ಎಡ ಹೆಗಲ ಮೇಲೆ. ಮೆತ್ತಗೆ ಇಡುವವಳಲ್ಲ, ಬಸ್ಸಿನಲ್ಲಿ ನಿಂತವರು ಕಂಬಿ ಹಿಡಿದಂತೆ ಹಿಡಿಯುತ್ತಿದ್ದಳು. ಕುಂಟೆಬಿಲ್ಲೆಯಲ್ಲಿ ನಾನು ಗೆಲ್ಲುವ ಹೊತ್ತಿಗೆ ಸರಿಯಾಗಿ ಒಳಗಿನಿಂದ ಕೂಗು ಬರುತ್ತಿತ್ತು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಎಡ ಹೆಗಲು ಬಲ ಹೆಗಲಿಗಿಂತ ತಗ್ಗಾಗಿದೆಯೇ ಎಂದು ಕನ್ನಡಿಯ ಮುಂದೆ ನಿಂತು ದಿನಾ ನೋಡಿಕೊಳ್ಳುತ್ತಿದ್ದೆ.

ಆಪರೇಷನ್ ಮಾಡಿಸೋಣ ಎಂದರೆ ಅಜ್ಜಿ ಕೇಳುತ್ತಿರಲಿಲ್ಲ. ‘ಸತ್ತ ಕಣ್ಣಿಗೆ ಕತ್ತರಿ ಎಂತಕ್ಕೆ?’ ಎನ್ನುವುದೊಂದೇ ಅವಳ ವಾದ. ಬಟ್ಟೆ ಅಂಗಡಿಯಲ್ಲಿ ಎಂಥ ಗಿರಾಕಿಯನ್ನೂ ಮಾತಿನಲ್ಲಿ ಮಣಿಸುತ್ತಿದ್ದ ಅಪ್ಪ ಇವಳೆದುರು ಮಾತ್ರ ಬಾಯಿ ಮುಚ್ಚಿಕೊಂಡು ಎದ್ದು ಬರುತ್ತಿದ್ದರು.

ನನ್ನ ಹೆಗಲಿಲ್ಲದೆ ಅವಳು ಮಾಡುತ್ತಿದ್ದ ಕೆಲಸವೆಂದರೆ ಪೂಜೆ. ದೇವರ ಕೋಣೆಯ ಜಗಲಿಯ ಮೇಲೆ ಯಾವುದು ಎಲ್ಲಿದೆ ಎನ್ನುವುದು ಅವಳ ಬೆರಳಿಗೆ ಗೊತ್ತಿತ್ತು. ಎಡಕ್ಕೆ ವಿಭೂತಿ ಗಟ್ಟಿ, ಬಲಕ್ಕೆ ಗಂಟೆ, ನಡುವೆ ದೇವರು. ಬೇರೆಯವರು ಅಲ್ಲಿಗೆ ಕೈ ಹಾಕುವಂತಿಲ್ಲ. ಒಮ್ಮೆ ಅಮ್ಮ ಒರೆಸುವಾಗ ಏನನ್ನೋ ಆಚೀಚೆ ಇಟ್ಟುಬಿಟ್ಟು, ಅಜ್ಜಿ ಎರಡು ದಿನ ಬೆಂಕಿಪೊಟ್ಟಣಕ್ಕೆ ಹೂ ಏರಿಸಿದ್ದಳು. ಆಮೇಲೆ ಅಮ್ಮ ಆ ಕಡೆ ತಲೆ ಹಾಕಲಿಲ್ಲ. ಹೀಗಾಗಿ ಇಡೀ ಮನೆಯಲ್ಲಿ ಏನನ್ನಾದರೂ ಬಚ್ಚಿಡಲು ಅದಕ್ಕಿಂತ ಒಳ್ಳೆಯ ಜಾಗವಿರಲಿಲ್ಲ. ನನ್ನ ಹುಣಸೆಹಣ್ಣಿನ ಉಂಡೆಗಳೆಲ್ಲ ಫೋಟೋಗಳ ಹಿಂದೆ ಇರುತ್ತಿದ್ದವು.

ಎದುರು ಮನೆಯವರು ಪಾತ್ರೆಗೆ ಕಲಾಯಿ ಹಾಕುವವರು. ಅವರ ಮಗಳು ನನ್ನ ಕ್ಲಾಸಿನವಳು, ನನ್ನ ಜೀವದ ಗೆಳತಿ. ಆ ವರ್ಷ ಅವಳ ತಾಯಿಯ ತಮ್ಮ ಮೂರು ತಿಂಗಳ ರಜೆಯ ಮೇಲೆ ದುಬೈನಿಂದ ಬಂದಿದ್ದರು. ದಪ್ಪ ಮೀಸೆಯ ಗಂಭೀರ ಮನುಷ್ಯ. ಅವಳ ಜೊತೆ ನಾನೂ ಮಾಮು ಎನ್ನುತ್ತಿದ್ದೆ. ಈ ಮೀಸೆಯ ಮಾಮುವಿಗೆ ಒಂದು ವಿಚಿತ್ರ ಹುಚ್ಚಿತ್ತು, ಬೊಂಬೆ ಕೂಡಿಡುವುದು. ಒಂದೇ ಬಗೆಯವು ಒಟ್ಟು ಆರಂತೆ. ಐದು ದುಬೈನ ರೂಮಿನಲ್ಲಿದ್ದವು. ಆರನೆಯದು ಸಿಗುವುದೇ ಕಷ್ಟವಂತೆ, ರೂಮಿನ ಜೊತೆಗಾರರನ್ನು ನಂಬಿ ಬಿಟ್ಟು ಬರಲು ಮನಸ್ಸಾಗದೆ ಜೊತೆಗೇ ತಂದಿದ್ದರು. ಎಳೆಮಗುವಿನಂತೆ ಟವೆಲ್ಲಿನಲ್ಲಿ ಸುತ್ತಿ ಟ್ರಂಕಿನಲ್ಲಿಟ್ಟಿದ್ದರು.

ಅವರು ಗೆಳೆಯರ ಜೊತೆ ಗುಡವಿಗೆ ಹಕ್ಕಿ ನೋಡಲು ಹೋದ ದಿನ ಗೆಳತಿ ಟ್ರಂಕು ತೆಗೆದಳು. ಒಂದು ಗೇಣುದ್ದದ ಬೊಂಬೆ. ಹಳಸಿದ ಮಜ್ಜಿಗೆಗೆ ಹಸಿರು ಬೆರೆಸಿದಂಥ ಬಣ್ಣ. ಚಿಂದಿಯಾದ ಪ್ಯಾಂಟು, ಎಣಿಸಬಹುದಾದ ಪಕ್ಕೆಲುಬು, ಮುಂದಕ್ಕೆ ಚಾಚಿದ ಎರಡು ಕೈ, ಕೆನ್ನೆಯ ಮೇಲೆ ಜೋತಾಡುವ ಒಂದು ಕಣ್ಣುಗುಡ್ಡೆ.

‘ಇದರ ಹೆಸರು ಜೋಂಬಿ. ಸತ್ತಿದಾನೆ, ಆದ್ರೂ ನಡೀತಾನೆ. ಕತ್ತಲಲ್ಲಿ ರೇಡಿಯಂ ತರ ಹೊಳೀತಾನೆ’ ಎಂದಳು.

ನನಗೆ ಆ ಕ್ಷಣವೇ ಅದು ಬೇಕಾಯಿತು. ಸೆಂಟಿನ ರಬ್ಬರು ಕೊಟ್ಟು, ಸಂಜೆಯೊಳಗೆ ವಾಪಸ್ ಎಂದು ಆಣೆ ಮಾಡಿ, ಲಂಗದೊಳಗೆ ಮುಚ್ಚಿಕೊಂಡು ಮನೆಗೆ ತಂದೆ. ಮಧ್ಯಾಹ್ನವೆಲ್ಲ ಬಿಸಿಲಿಗೆ ಹಿಡಿದೆ, ಕಪಾಟಿನೊಳಗೆ ತಲೆ ತೂರಿಸಿ ಹೊಳಪು ನೋಡಿದೆ, ಮತ್ತೆ ಬಿಸಿಲಿಗೆ ಹಿಡಿದೆ. ಕೊನೆಗೆ ಅಮ್ಮನ ಹೆಜ್ಜೆ ಸದ್ದಾಗಿ, ಓಡಿಹೋಗಿ ಜಗಲಿಯ ಮೇಲೆ ಫೋಟೋದ ಹಿಂದೆ ನಿಲ್ಲಿಸಿಬಿಟ್ಟೆ. ಅಮ್ಮ ಅಕ್ಕಿ ಆರಿಸಲು ಕೂರಿಸಿದಳು. ಮುಗಿಯುವಷ್ಟರಲ್ಲಿ ದೀಪ ಹಚ್ಚುವ ಹೊತ್ತಾಗಿ, ದಿನದಂತೆ ಕರೆಂಟೂ ಹೋಯಿತು.

ಅಜ್ಜಿ ಗೋಡೆ ಹಿಡಿದು ದೇವರ ಕೋಣೆಗೆ ಹೋಗಿದ್ದಳು. ನಾನು ಓಡಿ ಬಾಗಿಲು ಮುಟ್ಟುವಷ್ಟರಲ್ಲಿ ಅವಳ ಕೈ ತಾಗಿ ಫೋಟೋ ಸರಿದಿತ್ತು. ಕಿಟಕಿಯಿಲ್ಲದ ಆ ಕತ್ತಲ ಕೋಣೆಯಲ್ಲಿ ಹಸಿರು ಹೆಣ ಎರಡು ಕೈ ಚಾಚಿ ನಿಂತಿತ್ತು. ಅಜ್ಜಿ ಕಿರುಚಲಿಲ್ಲ. ಕಡ್ಡಿ ಗೀರದೆ ಹಾಗೇ ನಿಂತಿದ್ದಳು.

‘ಏ ಕೂಸೇ, ಇಲ್ಲೆಂತೋ ಕಾಣ್ತದಲ್ಲೇ’ ಎಂದಳು. ‘ನಂಗೆ ಕಾಣ್ತದೆ.’

ನಮ್ಮ ಕಡೆ ಆಗ ಕತ್ತಲಲ್ಲಿ ಹೊಳೆಯುವ ಬೊಂಬೆಯೆಂದರೆ ಅದು ದೇವರೇ. ಯಾತ್ರೆಗೆ ಹೋದವರು ರೇಡಿಯಂ ಗಣಪತಿ, ರೇಡಿಯಂ ನಂದಿ ತಂದು ಹಂಚುತ್ತಿದ್ದರು. ಅಪ್ಪ ಅಂಥದ್ದೇನೋ ತಂದಿಟ್ಟಿದ್ದಾರೆಂದು ಅಜ್ಜಿ ನಂಬಿದಳು. ಯಾವ ದೇವರು ಎಂಬುದಷ್ಟೇ ಉಳಿದಿದ್ದ ಪ್ರಶ್ನೆ. ಎತ್ತಿಕೊಂಡು ಬೆರಳಿನಿಂದ ಸವರತೊಡಗಿದಳು.

‘ಎಲುಬು ಎಣಿಸ್ಲಿಕ್ಕೆ ಬರ್ತದೆ. ಮೈಮೇಲೆ ಬರೀ ಚಿಂದಿ. ಇದು ಶಿವಗಣ ಕಣೇ.’

‘ಅಜ್ಜಿ, ನೋಡಕ್ಕೆ ಚೂರು ದೆವ್ವದ ಹಾಂಗೆ ಉಂಟು’ ಎಂದೆ.

‘ಮತ್ತಿನ್ನೆಂತ? ಶಿವ ಇರೋದು ಸ್ಮಶಾನದಲ್ಲಿ. ಅವನ ನೆಂಟರು ಜರಿ ಪಂಚೆ ಉಟ್ಕಂಡು ಬರ್ತಾರನೆ?’

ಆ ವಾದದಲ್ಲಿ ತಪ್ಪೆಲ್ಲಿದೆಯೆಂದು ನನಗೆ ಇವತ್ತಿಗೂ ಹೊಳೆದಿಲ್ಲ. ಐದು ನಿಮಿಷದಲ್ಲಿ ಜೋಂಬಿಯ ಹಣೆಗೆ ಮೂರು ಗೆರೆ ವಿಭೂತಿ ಬಿತ್ತು, ಚಾಚಿದ ಕೈಗೆ ಮಲ್ಲಿಗೆ ಬಂತು.

ಅಪ್ಪ ನೋಡಿದ್ದು ಮರುದಿನ ಬೆಳಿಗ್ಗೆ, ಸ್ನಾನ ಮಾಡಿ ಕೈಮುಗಿಯಲು ಹೋದಾಗ. ಕೈಲಿದ್ದ ಚೊಂಬು ಬಿದ್ದ ಸದ್ದು ಎದುರು ಮನೆಗೂ ಕೇಳಿತಂತೆ. ಶಿಕಾರಿಪುರದ ಹೆಣ್ಣುಮಗಳಾದ ನನ್ನ ಅಮ್ಮ ಇಣುಕಿ, ‘ಶಿವನೇ, ಇದೇನ್ ಬಂದೈತ್ರಿ ಮನಿಗೆ’ ಎಂದು ಸೆರಗು ಬಾಯಿಗಿಟ್ಟುಕೊಂಡಳು. ನನ್ನ ಕಿವಿ ಅಪ್ಪನ ಕೈಗೆ ಸಿಕ್ಕಿತು. ಅಜ್ಜಿಗೆ ಕೇಳದಂತೆ ಪಿಸುಮಾತಿನಲ್ಲಿ ಎಲ್ಲ ಒಪ್ಪಿಕೊಂಡೆ. ಅಪ್ಪ ಅದನ್ನು ಎತ್ತಿ ತರಲು ಹೊರಟವರು, ಪೂಜೆಗೆ ಬಂದು ಕೂತಿದ್ದ ಅಜ್ಜಿಯ ಮಾತಿಗೆ ಬಾಗಿಲಲ್ಲೇ ನಿಂತರು.

‘ಕಣ್ಣು ಪೂರಾ ಸತ್ತಿಲ್ಲ ಕಣಾ. ಗಣ ಕಂಡಿದಾನೆ. ಶಿಕಾರಿಪುರದ ಕಣ್ಣಿನ ಕ್ಯಾಂಪಿಗೆ ಹೆಸರು ಬರೆಸು. ಹೋಪನ.’

ಎರಡು ವರ್ಷ ಗೋಗರೆದರೂ ಬಾರದ ಮಾತು. ಕ್ಯಾಂಪಿಗೆ ಇನ್ನು ಹತ್ತೇ ದಿನ ಇತ್ತು. ಈಗ ಗಣವನ್ನು ತೆಗೆದರೆ ಅಜ್ಜಿ ಮತ್ತೆ ಮುಸುಕೆಳೆದು ಮಲಗುತ್ತಾಳೆ ಎನ್ನುವುದು ನನಗೂ ಅರ್ಥವಾಯಿತು. ಅಪ್ಪ ನನ್ನ ಕಿವಿ ಬಿಟ್ಟು, ಶರ್ಟು ಹಾಕಿಕೊಂಡು, ಎದುರು ಮನೆಗೆ ಹೋದರು. ಹೆಣವನ್ನು ಎರವಲು ಕೇಳಲು ಹೋದ ಮನುಷ್ಯ ಸೊರಬದಲ್ಲಿ ಅವರೊಬ್ಬರೇ ಇರಬೇಕು.

ಅಷ್ಟರಲ್ಲಿ ಅಲ್ಲಿ ಟ್ರಂಕಿನಲ್ಲಿ ಬೊಂಬೆಯಿಲ್ಲದ್ದು ಮಾಮುವಿಗೆ ತಿಳಿದು ನನ್ನ ಗೆಳತಿ ಮೂಲೆಯಲ್ಲಿ ಅಳುತ್ತ ಕೂತಿದ್ದಳು. ಮಾಮು ಅಪ್ಪನ ಮಾತು ಪೂರ್ತಿ ಕೇಳಿ, ಅಪ್ಪನ ಹಿಂದೆಯೇ ನಮ್ಮ ಮನೆಗೆ ಬಂದರು. ದೇವರ ಕೋಣೆಯ ಹೊಸ್ತಿಲಾಚೆ ನಿಂತು ನೋಡಿದರು. ಆ ಹೊತ್ತಿಗೆ ಸರಿಯಾಗಿ ಅಜ್ಜಿ ಅವರ ಆರನೇ ಬೊಂಬೆಗೆ ಹಾಲಿನ ಅಭಿಷೇಕ ಮಾಡುತ್ತಿದ್ದಳು. ಮೀಸೆ ಒಂದು ಸಲ ಅದುರಿತು.

‘ಯಾರು ಬಂದಿದ್ದು?’ ಎಂದಳು ಅಜ್ಜಿ.

‘ಎದುರು ಮನೆಯವ್ನು ಅಜ್ಜಿ. ಕ್ಯಾಂಪಿಗೆ ಹೋಗ್ತೀರಂತೆ, ಅದಕ್ಕೇ ಮಾತಾಡ್ಸೋಣ ಅಂತ.’ ಮೆಲ್ಲಗೆ ಸೇರಿಸಿದರು, ‘ಎಣ್ಣೆ ಮಾತ್ರ ಹಚ್ಬೇಡಿ ಅಜ್ಜಿ, ಬಣ್ಣ ಹೋಗ್ತದೆ.’

ಹೊರಗೆ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತರು. ‘ನಾನು ವಾಪಸ್ ಹೋಗೋದ್ರೊಳಗೆ ನನ್ ಬೊಂಬೆ ನನಗೆ ಬೇಕು. ನೀನೇ ತಂದು ಕೊಡ್ಬೇಕು’ ಎಂದರು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕ್ಯಾಂಪಿಗೂ ಅಜ್ಜಿ ಗಣವನ್ನು ಚೀಲದಲ್ಲಿ ಹಾಕಿಕೊಂಡೇ ಬಂದಳು. ಶಿಕಾರಿಪುರದಲ್ಲಿ ಒಂದು ಕಲ್ಯಾಣ ಮಂಟಪದ ತುಂಬ ಚಾಪೆ ಹಾಸಿ, ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಕಟ್ಟಿ, ಕಣ್ಣಿಗೆ ಹಸಿರು ಪಟ್ಟಿ ಕಟ್ಟಿಸಿಕೊಂಡ ಮುದುಕ ಮುದುಕಿಯರನ್ನು ಸಾಲಾಗಿ ಮಲಗಿಸಿದ್ದರು. ಅಜ್ಜಿ ಗಣವನ್ನು ತಲೆದೆಸೆಯಲ್ಲಿ ನಿಲ್ಲಿಸಿದಳು. ಪಕ್ಕದ ಚಾಪೆಯ ಮುದುಕನ ಮಗ ಕಾಫಿ ತಂದವನು, ಹಾಡಹಗಲಿನ ಆ ಕತ್ತಲಲ್ಲಿ ಹಸಿರು ಹೊಳಪಿನ ಹೆಣ ತನ್ನ ಕಡೆ ಕೈ ಚಾಚಿದ್ದು ಕಂಡು, ಲೋಟ ಬಿಟ್ಟು ಹೊರಗೋಡಿದ. ಸಂಜೆಯ ಹೊತ್ತಿಗೆ ನಾಲ್ಕು ಜನ ಮುದುಕಿಯರು ನಮ್ಮ ಗಣಕ್ಕೆ ಹರಕೆ ಹೊತ್ತಿದ್ದರು.

ಆಪರೇಷನ್ ಆಯಿತು, ಪಟ್ಟಿ ಬಿಚ್ಚಿದರು, ಕಪ್ಪು ಕನ್ನಡಕ ಕೊಟ್ಟರು. ಸರಿಯಾಗಿ ಕಾಣಬೇಕಾದರೆ ದಪ್ಪ ಗಾಜಿನ ಕನ್ನಡಕ ಬರಬೇಕು, ಒಂದೂವರೆ ತಿಂಗಳು ಕಾಯಬೇಕು ಎಂದರು. ಅಷ್ಟು ದಿನವೂ ಪೂಜೆ ನಡೆಯಿತು. ನಾನು ದಿನ ಎಣಿಸುತ್ತಿದ್ದೆ. ಅಜ್ಜಿಗೆ ಕಣ್ಣು ಬಂದ ದಿನ ಆ ಜೋತಾಡುವ ಗುಡ್ಡೆ ಕಂಡರೆ ಏನಾಗಬಹುದು? ತನ್ನ ಭಕ್ತಿಯನ್ನೆಲ್ಲ ಒಂದು ಹೆಣಕ್ಕೆ ಸುರಿದೆನೆಂದು ಗೊತ್ತಾದರೆ ಅವಳು ನನ್ನ ಮುಖ ಇನ್ನು ನೋಡುವಳೇ? ನನಗೆ ಭಯಕ್ಕಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು. ಅವಳು ಕಣ್ಣು ಕಾಣದವಳೆಂದೇ ಅಲ್ಲವೇ ನಾನು ಅವಳ ದೇವರ ಹಿಂದೆ ಕಳ್ಳಮಾಲು ಇಟ್ಟದ್ದು.

ಕನ್ನಡಕ ಬಂದದ್ದು ಮಾಮು ಹೊರಡುವ ಹಿಂದಿನ ದಿನ. ಅದನ್ನು ಮೂಗಿಗೇರಿಸಿ ಅಜ್ಜಿ ಮೊದಲು ಹೋದದ್ದು ದೇವರ ಕೋಣೆಗೆ. ಗಣವನ್ನು ಎತ್ತಿಕೊಂಡು ಪಡಸಾಲೆಯ ಬೆಳಕಿಗೆ ತಂದಳು. ಅಪ್ಪ ಪೇಪರಿನ ಹಿಂದೆ ಅಡಗಿದರು. ಅಮ್ಮ ಅಡುಗೆಮನೆಯಿಂದ ಈಚೆ ಬರಲಿಲ್ಲ. ಅಜ್ಜಿ ಅದನ್ನು ತಿರುಗಿಸಿ ಮುರುಗಿಸಿ ನೋಡಿದಳು. ಹಲ್ಲು ನೋಡಿದಳು, ಜೋತಾಡುವ ಕಣ್ಣನ್ನು ಬೆರಳಿನಿಂದ ಮುಟ್ಟಿದಳು.

‘ಅಜ್ಜಿ, ಅದು ದೇವ್ರಲ್ಲ. ಎದುರು ಮನೆ ಮಾಮುದು. ನಾನೇ ತಂದಿಟ್ಟಿದ್ದು’ ಎಂದೆ. ಅಳು ಬಂದೇಬಿಟ್ಟಿತು.

ಅಜ್ಜಿ ಬೊಂಬೆಯನ್ನು ಬಿಟ್ಟು ನನ್ನನ್ನು ನೋಡತೊಡಗಿದಳು. ಗದ್ದ ಹಿಡಿದು ಎತ್ತಿದಳು, ಆ ಕಡೆ ಈ ಕಡೆ ತಿರುಗಿಸಿದಳು. ಗಾಜಿನ ಹಿಂದೆ ಅವಳ ಕಣ್ಣು ಇಷ್ಟಗಲ ಕಾಣುತ್ತಿತ್ತು.

‘ಎರಡು ವರ್ಷದಲ್ಲಿ ಎಷ್ಟುದ್ದ ಬೆಳೆದಿದೀಯೇ’ ಎಂದಳು. ಮತ್ತೊಮ್ಮೆ ಬೊಂಬೆಯ ಕಡೆ ನೋಡಿ ನನ್ನ ಪಕ್ಕೆಗೆ ತಿವಿದಳು. ‘ಇವನಿಗಿಂತ ನೀನೇ ಬಡಕಲು. ನಿಮ್ಮಮ್ಮ ನಿಂಗೆ ಉಣ್ಣಕ್ಕೆ ಹಾಕ್ತಾಳ ಇಲ್ಲನ?’

ಆಮೇಲೆ ಬೊಂಬೆಯನ್ನು ತೊಳೆದಳು. ಪಕ್ಕೆಲುಬುಗಳ ಸಂದಿಯ ವಿಭೂತಿ ಮಾತ್ರ ಏನು ಮಾಡಿದರೂ ಹೋಗಲಿಲ್ಲ. ಎರವಲು ತಂದದ್ದನ್ನು ಬರಿದಾಗಿ ಹಿಂದಿರುಗಿಸುವ ಪದ್ಧತಿ ನಮ್ಮಲ್ಲಿಲ್ಲವಾದ್ದರಿಂದ ಒಂದು ಡಬ್ಬಿಯ ತುಂಬ ರವೆ ಉಂಡೆ ಹಾಕಿ, ಮೇಲೆ ಬೊಂಬೆಯನ್ನು ಮಲಗಿಸಿದಳು.

‘ನಡಿ, ಕೊಟ್ಟು ಬಪ್ಪನ’ ಎಂದಳು.

ನಾನೇ ಕೊಡಬೇಕೆಂದು ಮಾಮು ಹೇಳಿದ್ದರಲ್ಲ, ಡಬ್ಬಿ ನನ್ನ ಕೈಯಲ್ಲಿತ್ತು. ಹೊಸ್ತಿಲ ಬಳಿ ಅಭ್ಯಾಸದಂತೆ ಎಡ ಹೆಗಲನ್ನು ಸ್ವಲ್ಪ ತಗ್ಗಿಸಿ ನಿಂತೆ. ಕೈ ಬೀಳಲಿಲ್ಲ. ತಲೆಯೆತ್ತಿ ನೋಡಿದರೆ ಅಜ್ಜಿ ಸೀರೆಯ ನೆರಿಗೆ ಎತ್ತಿಕೊಂಡು ಆಗಲೇ ರಸ್ತೆಯ ನಡುವೆ ಇದ್ದಳು. ಒಂದು ಸೈಕಲ್ಲಿಗೆ ದಾರಿ ಬಿಟ್ಟಳು, ಸೆಗಣಿ ದಾಟಿದಳು. ಆಚೆ ದಡ ಮುಟ್ಟಿ ತಿರುಗಿ, ‘ಎಂತ ನಿಂತಿದೀಯೇ, ಕಣ್ಣು ಕಾಣದಿಲ್ಲನ ನಿಂಗೆ? ಬಾ ಬೇಗ’ ಎಂದು ಗದರಿದಳು.

ನನ್ನ ಎಡ ಹೆಗಲು ಖಾಲಿ ಖಾಲಿಯಾಗಿತ್ತು. ಡಬ್ಬಿಯನ್ನು ಅವುಚಿಕೊಂಡು ಅವಳ ಹಿಂದೆ ರಸ್ತೆ ದಾಟಿದೆ.