ಗೋಡೆಗೆ ಮುಖ ಮಾಡಿ ಕೂಗಿದ ಹೆಸರುಗಳು

ಮೊನ್ನೆ ಕಾಮೋಠೆಯ ನಮ್ಮ ಮನೆಗೆ ಆನ್‌ಲೈನಿನಲ್ಲಿ ತರಿಸಿದ ಮೆಂತ್ಯದ ಕಟ್ಟು ಬಂತು. ತೊಳೆದು ಒರೆಸಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿದ್ದರು. ಮೂಗಿಗೆ ಹಿಡಿದರೆ ವಾಸನೆಯೇ ಇಲ್ಲ! ಮೆಂತ್ಯ ಅಂದಮೇಲೆ ಬೇರಿನಲ್ಲಿ ಒಂದಿಷ್ಟು ಮಣ್ಣು, ಆ ಹಸಿ ಕಹಿ ವಾಸನೆ ಇರಬೇಡವೇ? ಸುಮ್ಮಸುಮ್ಮನೆ ಸಿಟ್ಟು ಬಂತು. ಸಿಟ್ಟಿನ ಬೆನ್ನಿಗೇ ಹಿಂದೆ ನಾವಿದ್ದ ದಿವಾದ ಚಾಳಿನ ಎದುರು ಮನೆ ಅಕ್ಕ ನೆನಪಾದರು...

ಅಕ್ಕ ವಿಜಯಪುರದ ಕಡೆಯವರು, ಒಂಟಿ ಹೆಂಗಸು. ಠಾಣೆಯ ಮಾಜಿವಾಡಾದ ಅಪಾರ್ಟ್‌ಮೆಂಟ್ ಟವರುಗಳಲ್ಲಿ ಬೆಂಗಳೂರು, ಮೈಸೂರಿನವರ ಮನೆಗೆ ರೊಟ್ಟಿ ಬಡಿಯಲು ಹೋಗುತ್ತಿದ್ದರು. ಕೂತಲ್ಲಿ ಕೂರುವ ಜಾತಿಯಲ್ಲ. ಟಿಟ್ವಾಳಾದ ಆಚೆಯಿಂದ ಲೋಕಲ್ ರೈಲಿನಲ್ಲಿ ಸೊಪ್ಪು ಹೊತ್ತು ತರುತ್ತಿದ್ದ ರೈತ ಹೆಂಗಸೊಬ್ಬಳನ್ನು ಪ್ಲಾಟ್‌ಫಾರ್ಮಿನಲ್ಲೇ ಮಾತಾಡಿಸಿ, ‘ಮಾವಶಿ, ದಲ್ಲಾಳಿಗೆ ಯಾಕ ಕೊಡ್ತಿ, ನಮ್ಮ ಚಾಳಿಗೆ ಬಾ’ ಎಂದು ಕರೆತಂದವರು ಅವರೇ. ಮಾವಶಿ ಹೇಳಿದ ಬೆಲೆಗೆ ಯಾರೂ ಚೌಕಾಸಿ ಮಾಡುವಂತಿರಲಿಲ್ಲ. ಅಕ್ಕನ ಮನೆಯೊಳಗೆ ಅರಿವೆ ಮುಚ್ಚಿದ ಡಬ್ಬಿಯೊಂದಿತ್ತು. ಒಬ್ಬೊಬ್ಬರೇ ಒಳಗೆ ಹೋಗಿ ಕೈಲಾದಷ್ಟು ದುಡ್ಡು ಹಾಕಿ ಬರುವುದು, ಅದರಲ್ಲೇ ಎಲ್ಲರಿಗೂ ಸೊಪ್ಪು ಕೊಳ್ಳುವುದು. ಅಕ್ಕ ಕೆಲಸಕ್ಕೆ ಹೋಗುತ್ತಿದ್ದ ಟವರಿನ ಮೂರು ಮನೆಯವರೂ ಇದಕ್ಕೆ ಸೇರಿದ್ದರು. ಅವರು ಧಾರಾಳವಾಗಿ ಹಾಕುತ್ತಿದ್ದುದರಿಂದ ನಮ್ಮಂಥವರ ಕೊರತೆ ಮುಚ್ಚಿ ಹೋಗುತ್ತಿತ್ತು.

ಭಾನುವಾರ ಬೆಳಿಗ್ಗೆ ಮನೆಗಳ ಮುಂದಿನ ಗ್ಯಾಲರಿಯಲ್ಲಿ ಗೋಣಿತಾಟು ಹಾಸಿ ಮನೆಗೊಂದರಂತೆ ಸೊಪ್ಪಿನ ಗುಡ್ಡೆ ಇಡುತ್ತಿದ್ದರು. ಆರಿಸುವ ಹಾಗಿಲ್ಲ. ಒಬ್ಬರು ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಅಕ್ಕ ಒಂದು ಗುಡ್ಡೆ ಮುಟ್ಟಿ ‘ಯಾರದಿದು?’ ಎಂದರೆ ನಿಂತವರು ಒಂದು ಮನೆಯ ಹೆಸರು ಕೂಗಬೇಕು. ಅವರ ಊರಿನಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವುದು ಹೀಗಂತೆ. ಕೂಗುವ ಕೆಲಸವನ್ನು ಅಕ್ಕ ನನ್ನ ಗಂಡನಿಗೆ ಕೊಟ್ಟಿದ್ದರು.

ಆಗ ಇವರು ಸಪ್ಲೈಯರ್ ಆಗಿದ್ದ ಠಾಣೆಯ ಹೋಟೆಲ್ ಮುಚ್ಚಿತ್ತು. ಮೂರು ಹೊತ್ತೂ ಚಾಪೆಯ ಮೇಲೆ ಗೋಡೆ ನೋಡುತ್ತ ಮಲಗಿರುತ್ತಿದ್ದರು. ನಮ್ಮ ಪುಟ್ಟ ಮಗಳಿಗೆ ರಕ್ತ ಕಮ್ಮಿ, ಸೊಪ್ಪು ತಿನ್ನಿಸಿ ಎಂದು ಡಾಕ್ಟರು ಹೇಳಿದ್ದರೂ ಮನೆಯಲ್ಲಿ ಬರೀ ಗಂಜಿ. ಭಾನುವಾರ ಮಾತ್ರ ಈ ಮನುಷ್ಯ ಮುಖ ತೊಳೆದು, ಇಸ್ತ್ರಿ ಅಂಗಿ ಹಾಕಿ ಹೊರಗೆ ಬರುತ್ತಿದ್ದರು. ಅಡುಗೆಮನೆಗೆ ಆರ್ಡರ್ ಕೂಗುವ ಅದೇ ಗಂಟಲಿನಲ್ಲಿ ಹೆಸರು ಕೂಗುತ್ತಿದ್ದರು. ಇಡೀ ಚಾಳು ನಗುತ್ತಿತ್ತು. ನನಗಂತೂ ಹೋದ ಜೀವ ಬಂದ ಹಾಗಾಗುತ್ತಿತ್ತು.

ಒಂದು ಭಾನುವಾರ ಟವರಿನ ಮೇಡಂ ಒಬ್ಬರು ಬಂದರು. ಒಳ್ಳೆಯವರೇ. ಅಕ್ಕನ ಮನೆಯಲ್ಲಿ ಚಹಾ ಕುಡಿಯುತ್ತ, ‘ಅಮ್ಮಾ, ನಿಜವಾಗ್ಲೂ ಕಷ್ಟದಲ್ಲಿರೋರ ಹೆಸರು ಕೊಟ್ಬಿಡಿ. ಅವರಿಗೆ ಮಾತ್ರ ಕಾರ್ಡ್ ಮಾಡಿಸೋಣ, ತೋರಿಸಿದ್ರೆ ಸೊಪ್ಪು ಫ್ರೀ. ಪರ್ಮನೆಂಟ್ ನೌಕರಿ ಇರೋರಿಗೂ ನಮ್ಮ ದುಡ್ಡಲ್ಲಿ ಯಾಕೆ?’ ಎಂದರು. ಅದೂ ನ್ಯಾಯವೇ ಅಲ್ಲವೇ?

‘ಹೆಸರು ಕೊಡೂದಿಲ್ರಿ,’ ಅಂದರು ಅಕ್ಕ. ‘ಡಬ್ಬಿಗೆ ಅರಿವಿ ಮುಚ್ಚಿದ್ದು ಎದಕ್ಕಂತ ತಿಳದೀರಿ?’

ಮುಗಿಯಿತು. ಮುಂದಿನ ವಾರದಿಂದ ಟವರಿನ ಮೂರೂ ಮನೆಯವರು ದುಡ್ಡು ಹಾಕುವುದನ್ನು ಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ! ನೇರ ಹೋಗಿ ಕೇಳಿದೆ: ‘ನನ್ನ ಹೆಸ್ರು ಕೊಡಿ ಅಕ್ಕ. ನಂಗೆಂತ ನಾಚಿಕೆ ಇಲ್ಲ ಮಾರಾಯ್ರೆ. ಮಗು ತಿಂದ್ರೆ ಸಾಕು.’

‘ನಿನಗ ನಾಚಿಕಿ ಇಲ್ಲವ್ವಾ,’ ಅಂದರು ಅಕ್ಕ, ಹಿಟ್ಟು ನಾದುವುದನ್ನು ನಿಲ್ಲಿಸದೆ. ‘ನಿನ್ನ ಗಂಡಗ ಐತಿ. ಕಾರ್ಡು ಕೈಯಾಗ ಹಿಡಿದು ಅಂವಾ ಈ ಗ್ಯಾಲರಿಗೆ ಬರ್ತಾನೇನು?’

ನಾನು ಬಾಗಿಲು ದಡಾರನೆ ಹಾಕಿ ಬಂದೆ.

ಆ ಭಾನುವಾರ ಮಾವಶಿಯ ಹತ್ತಿರ ಕೊಂಡದ್ದು ಕಮ್ಮಿ. ಗುಡ್ಡೆಗಳೂ ಕಮ್ಮಿ. ಇವರು ಗೋಡೆಗೆ ಮುಖ ಮಾಡಿ ಒಂದೊಂದೇ ಹೆಸರು ಕೂಗಿದರು. ಅಕ್ಕ ತಮ್ಮ ಮನೆಯನ್ನು ಕೊನೆಗೆ ಕೂಗು ಎಂದು ಮೊದಲೇ ಹೇಳಿಟ್ಟಿದ್ದರು. ಅದನ್ನು ಕೂಗಿ ಇವರು ತಿರುಗಿ ನೋಡಿದರೆ ಗೋಣಿತಾಟು ಖಾಲಿ.

‘ಅಕ್ಕ, ನಿಮ್ದೆಲ್ಲಿ?’

‘ನನಗ ಸೊಪ್ಪು ಆಗಿ ಬರೂದಿಲ್ಲೋ ತಮ್ಮಾ, ಹೊಟ್ಟಿ ಉಬ್ಬರಸ್ತದ.’ ಹಸಿ ಮೆಂತ್ಯವನ್ನು ರೊಟ್ಟಿಯ ಜೊತೆ ಕರಕರ ಜಗಿಯುವ ಹೆಂಗಸು ಇದನ್ನು ಹೇಳಿದ್ದು! ಎಲ್ಲರೂ ನಕ್ಕರು. ಇವರು ನಗಲಿಲ್ಲ.

ಮರುವಾರ ಇವರು ಮೊದಲು ಕೂಗಿದ್ದು ಅಕ್ಕನ ಹೆಸರು. ಕೊನೆಗೆ ಕೂಗಿದ್ದು ನಮ್ಮದು. ಆ ವಾರವೂ ಗುಡ್ಡೆ ಒಂದು ಕಮ್ಮಿ, ನಮಗೆ ಇರಲಿಲ್ಲ. ಮಗಳು ಖಾಲಿ ತಟ್ಟೆ ಹಿಡಿದು ನಿಂತಿದ್ದಳು. ನಾನು ಇವರ ಮೇಲೆ ಹರಿಹಾಯ್ದೆ. ಇವರು ಚಪ್ಪಲಿ ಮೆಟ್ಟಿ ಸ್ಟೇಷನ್ನಿನ ಕಡೆ ಹೊರಟರು. ಸಂಜೆ ತಿರುಗಿ ಬಂದಾಗ ಕಲ್ಯಾಣದ ಕ್ಯಾಂಟೀನ್ ಒಂದರಲ್ಲಿ ಪಾತ್ರೆ ತೊಳೆಯುವ ಕೆಲಸ ಹಿಡಿದಿದ್ದರು. ಅಕ್ಕ ತಮ್ಮ ಪಾಲಿನ ಅರ್ಧ ಸೊಪ್ಪಿನ ಪಲ್ಯವನ್ನು ನಮ್ಮ ಹೊಸ್ತಿಲ ಮೇಲೆ ಇಟ್ಟು ಹೋಗಿದ್ದರು. ಸಿಟ್ಟಿನಲ್ಲೇ ಮಗಳಿಗೆ ಉಣಿಸಿದೆ.

ಮಳೆಗಾಲಕ್ಕೆ ಮಾವಶಿ ಬರುವುದು ನಿಂತಿತು, ಮತ್ತೆ ಶುರುವಾಗಲಿಲ್ಲ. ಚಾಳು ಒಡೆದರು, ನಾವು ಒಂದೊಂದು ದಿಕ್ಕಾದೆವು. ಅಕ್ಕ ಬದಲಾಪುರದಲ್ಲಿ ತೀರಿಕೊಂಡ ಸುದ್ದಿ ನಮಗೆ ತಲುಪುವಷ್ಟರಲ್ಲಿ ತಿಂಗಳುಗಳೇ ಕಳೆದಿದ್ದವು. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ಅಕ್ಕನ ಮಾತೆತ್ತಿದರೆ ‘ಕೌನ್ ಥೀ ವೋ, ಮಮ್ಮಿ?’ ಎಂದು ಯಾರವರೆಂದೇ ಕೇಳುತ್ತಾಳೆ. ಅವಳಿಗೆ ಮುಖವೂ ನೆನಪಿಲ್ಲ.

ಅಕ್ಕ ನನ್ನ ಹೆಸರು ಕೊಡಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ. ಮಗುವಿಗಿಂತ ದೊಡ್ಡದಾಗಿತ್ತೇ ಗಂಡಸಿನ ಮರ್ಯಾದೆ? ಕೊಟ್ಟಿದ್ದರೆ ಇವರು ಚಾಪೆಯಿಂದ ಏಳುತ್ತಲೇ ಇರಲಿಲ್ಲ ಅಂತಲೂ ಅನ್ನಿಸುತ್ತದೆ. ಅಡುಗೆ ಮಾಡುತ್ತ ಮಾಡುತ್ತ ಮನಸ್ಸಿನಲ್ಲೇ ವಾದ ಹೂಡುತ್ತೇನೆ, ಅತ್ತ ಒಂದು, ಇತ್ತ ಒಂದು. ಇದು ಬಗೆಹರಿಯುವುದಿಲ್ಲ. ಜಗಳ ಮುಗಿಸಲು ಆ ಮೊಂಡು ಹೆಂಗಸೇ ಬೇಕಿತ್ತು. ಅವರಿಲ್ಲ.