ಆಫೀಸರ ಎದುರು ಕುಂಟುವುದು

ಮೂಡುಬಿದಿರೆಯಲ್ಲಿ ಅರ್ಜಿ ಬರೆದುಕೊಡುವುದು ನನ್ನ ಕೆಲಸ. ಬೆಳುವಾಯಿಯ ನಿವೃತ್ತ ಹವಾಲ್ದಾರರೊಬ್ಬರ ಜೊತೆ ಅಂಗವೈಕಲ್ಯ ಪಿಂಚಣಿಯ ವೈದ್ಯಕೀಯ ತಪಾಸಣೆಗೂ ಹೋಗಿದ್ದೆ. ಗಡಿಯಲ್ಲಿ ಮುರಿದ ಪಾದದ ಗಂಟಿನಿಂದಾಗಿ ಅವರ ವಾಚ್‌ಮನ್ ಕೆಲಸವೂ ಹೋಗಿತ್ತು. ಬಸ್ಸು ಹತ್ತಲು ನನ್ನ ಹೆಗಲು ಹಿಡಿದಿದ್ದರು.

"ಡಾಕ್ಟರ ಎದುರು ನೋವು ಮುಚ್ಚಿಡಬೇಡಿ ಅಣ್ಣ."

"ಇಲ್ಲ ಅಕ್ಕ, ಕುಂಟಿಕೊಂಡೇ ಹೋಗ್ತೇನೆ."

ಸಮವಸ್ತ್ರದ ಮೇಜರ್ ಡಾಕ್ಟರನ್ನು ಕಂಡದ್ದೇ ತಡ, ಹಿಮ್ಮಡಿ ಜೋಡಿಸಿ ಸೆಲ್ಯೂಟ್ ಹೊಡೆದರು. ನಡೆಯಲು ಹೇಳಿದರೆ ಪೆರೇಡಿನಂತೆ ನಡೆದರು. ನೋವಿದೆಯೇ ಎಂದದ್ದಕ್ಕೆ "ನೋ ಸರ್!" ಎಂದರು. ನಾನು ಬಾಗಿಲಲ್ಲೇ ತಲೆ ಚಚ್ಚಿಕೊಂಡೆ.

ಹೊರಗೆ ಬಂದವರೇ ಗೋಡೆ ಹಿಡಿದು ಕುಸಿದರು.

"ಎಂಥ ಮಾಡಿದ್ರಿ ಮಾರಾಯ್ರೆ?"

"ಆಫೀಸರ ಎದುರು ಕುಂಟ್ಲಿಕ್ಕೆ ಆಗುದಿಲ್ಲ ಅಕ್ಕ."

ಅರ್ಜಿ ತಿರಸ್ಕೃತವಾಯಿತು. ಮೇಲ್ಮನವಿ ಹಾಕಿದ್ದೇವೆ. ಈ ಸಲ ಪರೀಕ್ಷಿಸುವವರು ಮೇಜರ್‌ಗಿಂತಲೂ ಮೇಲಿನವರು, ಕರ್ನಲ್ ಅಂತೆ.